ಅಪ್ಪನ ಟ್ರಂಕುಗಳಲ್ಲಿ ಒಂದು ಕ್ವಿಂಟಲ್ ಕಾಗದ: ಸುಡಬೇಕೋ, ನೆನೆಸಬೇಕೋ, ರದ್ದಿಗೆ ಹಾಕಬೇಕೋ?

ಪ್ರಶ್ನೆ: ನಮ್ಮ ತಂದೆ ಸರ್ಕಾರಿ ನೌಕರಿಯಿಂದ ನಿವೃತ್ತರಾಗಿ ಧಾರವಾಡದ ಮಾಳಮಡ್ಡಿಯ ಮನೆಯಲ್ಲಿದ್ದರು. ಹೋದ ವರ್ಷ ತೀರಿಕೊಂಡರು. ಒಂದು ಚೀಟಿಯನ್ನೂ ಎಸೆದವರಲ್ಲ. ನಾಲ್ಕು ಟ್ರಂಕು, ಎರಡು ಗೋಣಿಚೀಲ, ಅಟ್ಟದ ಮೇಲೆ ಒಂದಷ್ಟು ಕಟ್ಟು, ಎಲ್ಲ ಸೇರಿ ಒಂದು ಕ್ವಿಂಟಲ್ ಆದೀತು. ಪಾಸ್‌ಬುಕ್, ಬಳಸದ ಚೆಕ್ ಹಾಳೆ, ಆದಾಯ ತೆರಿಗೆಯ ಕಾಗದ, ಆಧಾರ್ ಮತ್ತು ಪ್ಯಾನ್ ಝೆರಾಕ್ಸ್, ಆಸ್ಪತ್ರೆ ರಿಪೋರ್ಟು, ಉತಾರ (ಆಸ್ತಿ ದಾಖಲೆಯ ಪ್ರತಿ), ಖರೀದಿ ಪತ್ರದ ಪ್ರತಿಗಳು ಎಲ್ಲ ಕಲಬೆರಕೆಯಾಗಿವೆ. ಓಣಿಯ ಕೆಲವರಿಗೆ ಪಿಂಚಣಿ ಅರ್ಜಿ ಬರೆದುಕೊಡುತ್ತಿದ್ದರು, ಅವರ ಕಾಗದವೂ ಇದೆ. ಎರಡು ತಿಂಗಳಲ್ಲಿ ಮನೆ ಬಾಡಿಗೆಗೆ ಕೊಡಬೇಕು. ‘ಹಿತ್ತಲದಾಗ ಸುಟ್ಟ ಬಿಡ್ರಿ’ ಅಂತ ಒಬ್ಬರು, ‘ನೀರಾಗ ನೆನಿ ಇಟ್ರ ಅಕ್ಷರ ತಾವಽ ಹೋಗ್ತಾವು’ ಅಂತ ಇನ್ನೊಬ್ಬರು. ತಮ್ಮ, ಕಾಗದ ಚೂರು ಮಾಡುವ ಶ್ರೆಡರ್ ಯಂತ್ರ ತರಿಸೋಣ ಅನ್ನುತ್ತಾನೆ. ರದ್ದಿಗೆ ಕೊಡಲು ನನಗೆ ಧೈರ್ಯವಿಲ್ಲ. ಒಮ್ಮೆ ಮಿರ್ಚಿ ಕಟ್ಟಿಕೊಟ್ಟ ಹಾಳೆಯ ಮೇಲೆ ಯಾರದೋ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿದ್ದೇನೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳಿವೆ. ಅಪ್ಪನ ಕಾಗದ ಕಂಡವರ ಕೈಗೆ ಬಿದ್ದೀತು ಎಂಬುದೊಂದು, ಇಷ್ಟೊಂದನ್ನು ಎರಡು ತಿಂಗಳಲ್ಲಿ ಮುಗಿಸುವುದು ಹೇಗೆ ಎಂಬುದು ಇನ್ನೊಂದು. ನೀವು ಬರೆಯದ ಮೂರನೆಯದೊಂದಿದೆ. ಬೇಕಾದ ಕಾಗದವನ್ನೇ ನಾಶ ಮಾಡಿಬಿಡುವ ಅಪಾಯ ಅದು, ಮತ್ತು ನನ್ನ ಲೆಕ್ಕದಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು. ಖಾತೆ ನಂಬರು ಸೋರಿದರೆ ಬ್ಯಾಂಕಿಗೆ ಹೇಳಿ ತಡೆ ಹಾಕಿಸಬಹುದು. ವಾಟ್ನಿ (ಆಸ್ತಿ ಪಾಲಿನ) ಪತ್ರವನ್ನೋ ಎಲ್‌ಐಸಿ ಬಾಂಡನ್ನೋ ಹರಿದು ಹಾಕಿದರೆ ಅದರ ನಕಲಿಗಾಗಿ ಎಷ್ಟು ಕಚೇರಿ ಅಲೆಯಬೇಕೋ ಹೇಳಲಾಗದು.

ಆದ್ದರಿಂದ ಸುಡುವುದು, ಹರಿಯುವುದು ಎಲ್ಲ ಆಮೇಲೆ. ಮೊದಲ ಎರಡು ವಾರ ಬರೀ ವಿಂಗಡಣೆಗೆ ಇಡಿ. ಟ್ರಂಕನ್ನು ಪಡಸಾಲೆಗೆ ತಂದು ಕಟ್ಟುಗಳನ್ನು ಬಿಚ್ಚಿ, ಎರಡು ಬಿಸಿಲು ಕಾಣಿಸಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಹಳೆ ಕಾಗದದ ಧೂಳಿನಲ್ಲಿ ಬೂಷ್ಟು, ಹುಳದ ಪುಡಿ ಎರಡೂ ಇರುತ್ತವೆ. ಬಿಸಿಲಿಗೆ ಹಾಕುವುದಕ್ಕೆ ಇನ್ನೊಂದು ಕಾರಣವೂ ಇದೆ. ತೇವ ಹಿಡಿದ ಹಾಳೆ ಮುಂದೆ ಯಂತ್ರದಲ್ಲಿ ಮುದ್ದೆಯಾಗಿ ಸಿಕ್ಕಿಕೊಳ್ಳುತ್ತದೆ.

ಯಾವುದಕ್ಕೆ ಕೈ ಹಚ್ಚಬಾರದು

ಖರೀದಿ ಪತ್ರ, ವಾಟ್ನಿ ಪತ್ರ, ಮೃತ್ಯುಪತ್ರ, ಸಿಟಿ ಸರ್ವೆ ಉತಾರ, ಹೊಲದ ಉತಾರ, ಸಾಲ ತೀರಿದ ಮೇಲೆ ಬ್ಯಾಂಕು ಕೊಟ್ಟ ಬೇಬಾಕಿ ಪತ್ರ ಇವಕ್ಕೆ ಅವಧಿ ಎಂಬುದಿಲ್ಲ, ಯಾವತ್ತೂ ಇರಲಿ. ಧಾರವಾಡ, ಗದಗ, ಹಾವೇರಿ ಭಾಗ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಹೀಗಾಗಿ ಹಳೆ ಜಮೀನು ಕಾಗದ ಮರಾಠಿಯಲ್ಲಿ, ಕೆಲವೊಮ್ಮೆ ಮರಾಠಿಯ ಹಳೆ ಕೂಡುಬರಹವಾದ ಮೋಡಿ ಲಿಪಿಯಲ್ಲಿ ಇರುವುದುಂಟು. ಓದಲು ಬಾರದ ಕಾಗದವೆಂದು ಇವನ್ನು ರದ್ದಿ ರಾಶಿಗೆ ಎಸೆಯುವವರು ಬಹಳ. ಓದಿಸುವ ತನಕ ಅದು ಬೇಕಾದ ಕಾಗದವೇ ಎಂದು ತಿಳಿಯಿರಿ.

ನಿಮ್ಮ ತಾಯಿಗೆ ಕುಟುಂಬ ಪಿಂಚಣಿ ಬರುತ್ತಿದ್ದರೆ ತಂದೆಯ ಪಿಂಚಣಿ ಪಾವತಿ ಆದೇಶ, ಸೇವಾ ಪುಸ್ತಕದ ಪ್ರತಿ, ನಿವೃತ್ತಿ ಆದೇಶ ಅವರ ಜೀವಮಾನವಿಡೀ ಬೇಕು.

ಆದಾಯ ತೆರಿಗೆಯ ವಿಷಯದಲ್ಲಿ ಜನರಿಗೆ ತಪ್ಪು ತಿಳಿವಳಿಕೆ ಇದೆ. ‘ತೀರಿಕೊಂಡವರಿಗೆ ನೋಟಿಸ್ ಎಲ್ಲಿ ಬರುತ್ತದೆ’ ಅನ್ನುತ್ತಾರೆ. ಬರುತ್ತದೆ, ವಾರಸುದಾರರ ಹೆಸರಿಗೆ. ಹೊಣೆ ಅವರಿಗೆ ಬಂದ ಆಸ್ತಿಯ ಮಿತಿಯೊಳಗಷ್ಟೇ, ಆದರೂ ಉತ್ತರ ಕೊಡಲು ಕಾಗದ ಬೇಕಲ್ಲ. ಹಿಂದಿನ 8 ವರ್ಷದ ರಿಟರ್ನ್, ಫಾರ್ಮ್ 16 (ಸಂಬಳ, ಪಿಂಚಣಿಯಲ್ಲಿ ಮುರಿದುಕೊಂಡ ತೆರಿಗೆಯ ಪತ್ರ), ಬಡ್ಡಿ ಪ್ರಮಾಣಪತ್ರ ಉಳಿಸಿಕೊಂಡರೆ ನಿಶ್ಚಿಂತೆ. ಮನೆ ಕಟ್ಟಿಸಿದ, ಕೋಣೆ ಸೇರಿಸಿದ ಬಿಲ್ಲುಗಳ ಲೆಕ್ಕವೇ ಬೇರೆ. ಮುಂದೆ ನೀವು ಆ ಮನೆ ಮಾರಿದಾಗ ತೆರಿಗೆಗೆ ಹಿಡಿಯುವ ಮೂಲ ಬೆಲೆ ನಿಮ್ಮ ತಂದೆ ಕೊಟ್ಟ ಬೆಲೆ. 2001ರ ಏಪ್ರಿಲ್ 1ಕ್ಕಿಂತ ಮುಂಚಿನ ಆಸ್ತಿಯಾದರೆ ಆ ದಿನದ ಮಾರುಕಟ್ಟೆ ಬೆಲೆ ಹಿಡಿಯಬಹುದು. ಆಮೇಲೆ ಹಾಕಿದ ಖರ್ಚಿಗೆ ಬಿಲ್ಲೇ ಆಧಾರ. ಅವನ್ನು ಮಾರುವ ತನಕ, ಮಾರಿದ ಮೇಲೂ 8 ವರ್ಷ ಇಡಿ.

ಇನ್ನು ಪಾಸ್‌ಬುಕ್ಕು. ‘ಆ ಬ್ಯಾಂಕೇ ಈಗಿಲ್ಲ’ ಎಂದು ಹರಿದು ಹಾಕುವ ಮೊದಲು ಒಂದು ಮಾತು ಕೇಳಿ. ಧಾರವಾಡದಲ್ಲೇ ಕೇಂದ್ರ ಕಚೇರಿಯಿದ್ದ ಮಲಪ್ರಭಾ ಗ್ರಾಮೀಣ ಬ್ಯಾಂಕು 2005ರಲ್ಲಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿತು. ಆ ಬ್ಯಾಂಕು 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಒಂದಾಯಿತು. ಸಿಂಡಿಕೇಟ್ ಬ್ಯಾಂಕಿನ ಖಾತೆ 2020ರಿಂದ ಕೆನರಾದಲ್ಲಿದೆ, ಕಾರ್ಪೊರೇಷನ್ ಬ್ಯಾಂಕಿನದು ಯೂನಿಯನ್ ಬ್ಯಾಂಕಿನಲ್ಲಿ, ವಿಜಯಾ ಬ್ಯಾಂಕಿನದು 2019ರಿಂದ ಬ್ಯಾಂಕ್ ಆಫ್ ಬರೋಡಾದಲ್ಲಿ. ಬ್ಯಾಂಕಿನ ಹೆಸರು ಅಳಿಸಿರಬಹುದು, ದುಡ್ಡು ಅಳಿಸಿರುವುದಿಲ್ಲ. 10 ವರ್ಷ ವಹಿವಾಟಿಲ್ಲದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ವಾರಸುದಾರರು ಆಮೇಲೂ ತಮ್ಮ ಬ್ಯಾಂಕಿನ ಮೂಲಕ ಅದನ್ನು ಕೇಳಿ ಪಡೆಯಬಹುದು. ರಿಸರ್ವ್ ಬ್ಯಾಂಕು 2023ರಲ್ಲಿ ತಂದ ‘ಉದ್ಗಮ್’ ಜಾಲತಾಣದಲ್ಲಿ ತಂದೆಯ ಹೆಸರು ಹಾಕಿ ಹುಡುಕಿ. ಷೇರು ಸರ್ಟಿಫಿಕೇಟು ಸಿಕ್ಕರೆ ಅದನ್ನೂ ಪಕ್ಕಕ್ಕಿಡಿ. 7 ವರ್ಷ ಡಿವಿಡೆಂಡ್ ಪಡೆಯದ ಷೇರು ಹೂಡಿಕೆದಾರರ ರಕ್ಷಣಾ ನಿಧಿಗೆ ಹೋಗಿರುತ್ತದೆ, ಅದಕ್ಕೂ ವಾರಸುದಾರರು ಅರ್ಜಿ ಹಾಕಬಹುದು. ಹಳೆ ಪಾಸ್‌ಬುಕ್ಕಿನ ಖಾತೆ ನಂಬರು ಈ ಹುಡುಕಾಟಕ್ಕೆಲ್ಲ ಬೀಗದ ಕೈ. ಖಾತೆ ಮುಚ್ಚಿದ ನಮೂದು ಕಣ್ಣಿಗೆ ಕಾಣುವವರೆಗೆ ಯಾವ ಪಾಸ್‌ಬುಕ್ಕನ್ನೂ ಹರಿಯಬೇಡಿ.

ಆಸ್ತಿಯ ಬಗ್ಗೆ ಕೋರ್ಟಿನಲ್ಲಿ ದಾವೆ ನಡೆದಿದ್ದರೆ, ವಕೀಲರು ಹೇಳದೆ ಒಂದು ಹಾಳೆಯನ್ನೂ ನಾಶ ಮಾಡಬೇಡಿ.

ಅಪಾಯ ಇರುವುದು ಯಾವ ಹಾಳೆಯಲ್ಲಿ

ಇಷ್ಟನ್ನು ತೆಗೆದಿಟ್ಟ ಮೇಲೂ ರಾಶಿ ದೊಡ್ಡದಾಗಿಯೇ ಕಾಣುತ್ತದೆ. ಆದರೆ ಅದರಲ್ಲಿ ನಿಜವಾಗಿ ಗುಟ್ಟಿನದು ಸ್ವಲ್ಪವೇ. ಪರೀಕ್ಷೆ ಸರಳವಾಗಿದೆ: ಒಂದೇ ಹಾಳೆಯ ಮೇಲೆ ಹೆಸರಿನ ಜೊತೆ ಗುರುತಿನ ನಂಬರು, ಖಾತೆ ನಂಬರು, ಸಹಿ, ಹೆಬ್ಬೆಟ್ಟು, ಫೋಟೊ ಇವುಗಳಲ್ಲಿ ಯಾವುದಾದರೂ ಇದೆಯೇ? ಇದ್ದರೆ ಅದು ನಾಶದ ರಾಶಿಗೆ. ಬರೀ ಅಂಕಿ, ಬರೀ ಸುತ್ತೋಲೆ, ಬರೀ ನಿಯಮಾವಳಿ ಇದ್ದರೆ ರದ್ದಿಗೆ. ಮೂವತ್ತು ಪುಟದ ಪಾಲಿಸಿ ನಿಯಮ ಪುಸ್ತಕದಲ್ಲಿ ಹೆಸರು ಇರುವುದು ಒಂದೆರಡು ಪುಟದಲ್ಲಿ. ಪಾಸ್‌ಬುಕ್ಕಿನಲ್ಲಿ ಫೋಟೊ, ವಿಳಾಸ, ಖಾತೆ ನಂಬರು ಇರುವುದು ಮೊದಲ ಪುಟದಲ್ಲಿ. ಹೊಲಿಗೆ ಬಿಚ್ಚಿ ಆ ಹಾಳೆಯನ್ನು ಬೇರ್ಪಡಿಸಿ, ಒಳಗಿನ ಪುಟಗಳ ತಲೆಯಲ್ಲಿ ಖಾತೆ ನಂಬರು ಮುದ್ರಿತವಾಗಿದ್ದರೆ ಒಂದು ಇಂಚು ಕತ್ತರಿಸಿ. ಉಳಿದ ಅಂಕಿಗಳಿಂದ ಯಾರೂ ಏನೂ ಮಾಡಲಾರರು. ಸ್ಟೇಟ್‌ಮೆಂಟು, ಫಾರ್ಮ್ 16, ಆಸ್ಪತ್ರೆ ರಿಪೋರ್ಟು ಎಲ್ಲಕ್ಕೂ ಇದೇ ದಾರಿ. ಹೆಸರು ನಂಬರು ಹೆಚ್ಚಾಗಿ ಮೇಲಿನ ಕಾಲು ಭಾಗದಲ್ಲಿ, ಸಹಿ ಕೊನೆಯಲ್ಲಿ. ಉದ್ದನೆಯ ಸ್ಟೀಲ್ ಪಟ್ಟಿ ಒತ್ತಿ ಹಿಡಿದು ಐದಾರು ಹಾಳೆ ಒಟ್ಟಿಗೆ ಹರಿದರೆ ಕತ್ತರಿಗಿಂತ ಬೇಗ ಆಗುತ್ತದೆ. ಹೀಗೆ ಮಾಡಿದರೆ ಒಂದು ಕ್ವಿಂಟಲ್ಲಿನ ರಾಶಿ ಎಂಟು ಹತ್ತು ಕಿಲೋಗೆ ಇಳಿದರೆ ಆಶ್ಚರ್ಯವಿಲ್ಲ.

ಆಧಾರ್ ಝೆರಾಕ್ಸಿನ ಬಗ್ಗೆ ಭಯವೂ ಇದೆ, ತಪ್ಪು ಧೈರ್ಯವೂ ಇದೆ. ಝೆರಾಕ್ಸ್ ಸಿಕ್ಕರೆ ಯಾರಾದರೂ ಸಿಮ್ ತಗೊಂಡಾರು ಎಂಬುದು ಹಳೆ ಕಾಲದ ಮಾತು. ಸಿಮ್ ಕೊಡಲು ಕಾಗದದ ಅರ್ಜಿ ಪಡೆಯುವ ಪದ್ಧತಿ 2024ರ ಜನವರಿಯಿಂದ ನಿಂತಿದೆ. ಇವತ್ತಿನ ಅಪಾಯ ಬೇರೆ ಎರಡು. ಒಂದು, ಫೋನಿನ ಮೋಸ. ಫೋನು ಮಾಡಿದವನು ನಿಮ್ಮ ಹೆಸರು, ಮನೆ ವಿಳಾಸ, ಖಾತೆಯ ಕೊನೆಯ ಅಂಕಿಗಳನ್ನು ಪಟಪಟನೆ ಹೇಳಿದರೆ ವಯಸ್ಸಾದವರು ‘ಇವ ಬ್ಯಾಂಕಿನವನೇ’ ಎಂದು ನಂಬುತ್ತಾರೆ. ಆ ನಂಬಿಕೆಗೆ ಬೇಕಾದ ಸರಕು ಇಂಥ ಹಾಳೆಗಳಲ್ಲೇ ಇರುತ್ತದೆ. ಎರಡನೆಯದು ಹೆಬ್ಬೆಟ್ಟು. 2023ರಲ್ಲಿ ನಮ್ಮ ರಾಜ್ಯದಲ್ಲೇ, ನೋಂದಾಯಿತ ಆಸ್ತಿ ಪತ್ರಗಳಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ನಂಬರು ಬಳಸಿ, ಬೆರಳೊತ್ತಿ ಹಣ ತೆಗೆಯುವ ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಿಂದ ಹಣ ಎಳೆದ ಪ್ರಕರಣಗಳು ಬಂದವು. ಖರೀದಿ ಪತ್ರದ ಝೆರಾಕ್ಸ್, ಅದಕ್ಕೆ ಪಿನ್ ಹೊಡೆದ ಆಧಾರ್ ಪ್ರತಿ ಎರಡೂ ನಿಮ್ಮ ಟ್ರಂಕಿನಲ್ಲಿ ಒಟ್ಟಿಗೇ ಇವೆ. ನಾಶಕ್ಕೆ ಮೊದಲ ಸರದಿ ಅವುಗಳದ್ದು. ಜೊತೆಗೆ ತಾಯಿಯ, ನಿಮ್ಮ, ತಮ್ಮನ ಆಧಾರ್ ಬಯೋಮೆಟ್ರಿಕ್ಕನ್ನು (ಬೆರಳಚ್ಚು, ಕಣ್ಣಿನ ಗುರುತು) ಇವತ್ತೇ ಲಾಕ್ ಮಾಡಿ. ಆಧಾರ್ ಪ್ರಾಧಿಕಾರದ ಆ್ಯಪಿನಲ್ಲೂ ಆಗುತ್ತದೆ, ಆಧಾರ್ ಜಾಲತಾಣದಲ್ಲೂ ಆಗುತ್ತದೆ. ಪಡಿತರಕ್ಕೆ ಬೆರಳು ಕೊಡಬೇಕಾದಾಗ ಸ್ವಲ್ಪ ಹೊತ್ತು ತೆರೆಯಬಹುದು. ಕುಟುಂಬದವರು ತೀರಿಕೊಂಡದ್ದನ್ನು ಆಧಾರ್ ಪ್ರಾಧಿಕಾರಕ್ಕೆ ತಿಳಿಸುವ ಸೌಲಭ್ಯ 2025ರಿಂದ ಇದೆ. ಮರಣ ಪ್ರಮಾಣಪತ್ರ ಎದುರಿಗಿಟ್ಟುಕೊಂಡು ಆಧಾರ್ ಸಹಾಯವಾಣಿ 1947ಕ್ಕೆ ಫೋನು ಮಾಡಿ ಕೇಳಿ.

ಆಧಾರ್ ನಂಬರಿನ ಮೇಲೆ ಮಾರ್ಕರ್ ಬಳಿದರೆ ಸಾಕೇ? ಸಾಲದು. ಹಾಳೆಯನ್ನು ಬೆಳಕಿಗೆ ಓರೆ ಹಿಡಿದರೆ ಲೇಸರ್ ಪ್ರಿಂಟಿನ ಅಕ್ಷರ ಮಸಿಯ ಕೆಳಗಿಂದ ಹೊಳೆಯುತ್ತದೆ, ಹಿಂಬದಿಯಿಂದಲೂ ಕಾಣುತ್ತದೆ. ಪಕ್ಕದ ಕ್ಯುಆರ್ ಕೋಡನ್ನಂತೂ ಎಲ್ಲರೂ ಮರೆಯುತ್ತಾರೆ. ಹಳೆಯ ಆಧಾರ್ ಪತ್ರಗಳ ಕೋಡಿನಲ್ಲಿ ಪೂರ್ತಿ ನಂಬರು, ಹೆಸರು, ವಿಳಾಸ ಮುಚ್ಚುಮರೆಯಿಲ್ಲದೆ ಇರುತ್ತಿತ್ತು. ಒಂದು ಮೂಲೆ ಹರಿದರೂ ಓದಿಕೊಳ್ಳುವಂತೆಯೇ ಕ್ಯುಆರ್ ಕೋಡನ್ನು ರೂಪಿಸಿರುತ್ತಾರೆ. ಅದನ್ನು ಅಡ್ಡ ಉದ್ದ ಎರಡೂ ಕಡೆ ಕತ್ತರಿಸಿ ಎಂಟು ಚೂರು ಮಾಡಿ, ಚೂರುಗಳನ್ನು ಬೇರೆ ಬೇರೆ ದಿನದ ಕಸಕ್ಕೆ ಹಾಕಿ.

ಬಳಸದ ಚೆಕ್ ಹಾಳೆಯನ್ನು ನೀವೇ ಹರಿಯುವ ಬದಲು, ಖಾತೆ ಮುಚ್ಚಲು ಹೋದಾಗ ಬ್ಯಾಂಕಿಗೆ ಒಪ್ಪಿಸಿ ನಂಬರುಗಳನ್ನು ಬರೆಸಿಕೊಳ್ಳಿ. ಖಾತೆ ಆಗಲೇ ಮುಚ್ಚಿದ್ದರೆ ಕೆಳಗಿನ ಬಿಳಿ ಪಟ್ಟಿಯ ಅಂಕಿಗಳನ್ನು ಮೂರು ನಾಲ್ಕು ಕಡೆ ಕತ್ತರಿಸಿ. ಸಹಿ ಮಾಡಿದ ಖಾಲಿ ಚೆಕ್ಕು ಸಿಕ್ಕರೆ, ಅದರಲ್ಲೂ ಬೇರೆಯವರ ಸಹಿಯದು ಸಿಕ್ಕರೆ, ನಿಲ್ಲಿ. ಅದು ಕೈಗಡದ ಭದ್ರತೆಗೆ ಕೊಟ್ಟದ್ದಿರಬಹುದು, ವಿಚಾರಿಸಿ ಅವರಿಗೇ ಮರಳಿಸಬೇಕು. ಓಣಿಯವರ ಪಿಂಚಣಿ ಕಾಗದಕ್ಕೂ ಇದೇ ಮಾತು. ಹೆಸರು ನೋಡಿ ಲಕೋಟೆಯಲ್ಲಿ ಹಾಕಿ ಅವರವರ ಮನೆಗೆ ಕೊಡಿ. ವಾರಸುದಾರರೂ ಸಿಗದಿದ್ದರೆ ನಿಮ್ಮದರಷ್ಟೇ ಜೋಪಾನವಾಗಿ ನಾಶ ಮಾಡಿ.

ಸುಡುವುದು

ಪುಸ್ತಕದಂತೆ ಒತ್ತಾಗಿರುವ ಕಾಗದದ ಕಟ್ಟು ಸುಡುವುದಿಲ್ಲ. ಅಂಚು ಕರಕಾಗುತ್ತದೆ, ಒಳಗೆ ಗಾಳಿಯಾಡದೆ ಬೆಂಕಿ ಆರುತ್ತದೆ. ಹಿತ್ತಲಲ್ಲಿ ‘ಎಲ್ಲ ಸುಟ್ಟೆವು’ ಎಂದುಕೊಂಡ ಬೂದಿಯನ್ನು ಮರುದಿನ ಕೆದಕಿದರೆ ನಡುವಿನ ಹಾಳೆಗಳು ಸುರಕ್ಷಿತವಾಗಿ ಸಿಗುತ್ತವೆ. ಪೂರ್ತಿ ಕರಕಾದ ಹಾಳೆಯ ಮೇಲೂ ಮುದ್ರಿತ ಅಕ್ಷರ ಬೇರೆ ಹೊಳಪಿನಲ್ಲಿ ಓದಲು ಬರುತ್ತದೆ. ಬಿಡಿ ಹಾಳೆ ಹಾಕಿದರೆ ಉರಿಯುತ್ತಲೇ ಮೇಲಕ್ಕೆ ಹಾರುತ್ತದೆ. ಬೇಸಿಗೆಯ ಗಾಳಿಯಲ್ಲಿ ಅದು ಪಕ್ಕದ ಮನೆಯ ಒಣ ಎಲೆಯ ಮೇಲೆ ಬಿದ್ದರೆ ಅನಾಹುತ. ಲ್ಯಾಮಿನೇಶನ್, ಫೈಲಿನ ರೆಕ್ಸಿನ್ ಹೊದಿಕೆಗಳ ಹೊಗೆ ಎದೆಗೆ ಕೆಟ್ಟದ್ದು. ಕಾನೂನಿನಲ್ಲೂ ಇದಕ್ಕೆ ಜಾಗವಿಲ್ಲ. ಬಯಲಲ್ಲಿ ಕಸ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲೇ ನಿಷೇಧಿಸಿ, ಸಾಮಾನ್ಯವಾಗಿ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ಎಂದು ವಿಧಿಸಿದೆ.

ಮನೆಯಲ್ಲಿ ನೀರು ಕಾಸುವ ಹಂಡೆ ಒಲೆಯೋ ಬಂಬವೋ ಇನ್ನೂ ಬಳಕೆಯಲ್ಲಿದ್ದರೆ, ಸಹಿ ನಂಬರುಗಳ ಚಿಕ್ಕ ಪಟ್ಟಿಗಳನ್ನು ಕಟ್ಟಿಗೆಯ ಜೊತೆ ದಿನಕ್ಕೊಂದು ಹಿಡಿ ಹಾಕಬಹುದು. ಬೂದಿಯನ್ನು ಕೋಲಿನಿಂದ ಪುಡಿ ಮಾಡಿ. ಆ ಬೂದಿಯಿಂದ ಪಾತ್ರೆ ತಿಕ್ಕಬೇಡಿ, ಕಾಯಿಪಲ್ಲೆ ಗಿಡದ ಬುಡಕ್ಕೂ ಹಾಕಬೇಡಿ.

ನೆನೆಸುವುದು

ನೀರಿಗೆ ಹೋಗುವುದು ಶಾಯಿ ಪೆನ್ನಿನ ಬರಹ, ಕೆಲವು ಇಂಕ್‌ಜೆಟ್ ಮುದ್ರಣ, ಅಷ್ಟೇ. ಬಾಲ್ ಪೆನ್ನಿನ ಮಸಿ ಎಣ್ಣೆಯದು. ಝೆರಾಕ್ಸ್ ಮತ್ತು ಲೇಸರ್ ಪ್ರಿಂಟಿನ ಕಪ್ಪು, ಕಾಗದಕ್ಕೆ ಕಾಸಿ ಅಂಟಿಸಿದ ಪ್ಲಾಸ್ಟಿಕ್ ಪುಡಿ. ವಾರಗಟ್ಟಲೆ ನೆನೆದರೂ ಅದು ಹೋಗದು. ಹಾಳೆ ತೆಗೆದು ಒಣಗಿಸಿದರೆ ಆಧಾರ್ ನಂಬರು ಮೊದಲಿನಂತೆಯೇ ಕಾಣುತ್ತದೆ. ನಮ್ಮ ಕಡೆ ಮೊರಕ್ಕೆ, ಬುಟ್ಟಿಗೆ ಕಾಗದ ಮತ್ತು ಮೆಂತ್ಯ ಬಳಿಯುತ್ತಿದ್ದವರಿಗೆ ಇದು ಗೊತ್ತಿತ್ತು. ಅವರು ನೆನೆಸಿ ಬಿಡುತ್ತಿರಲಿಲ್ಲ, ಒರಳಿಗೆ ಹಾಕಿ ಎಳೆ ಬಿಡಿಸುವ ತನಕ ರುಬ್ಬುತ್ತಿದ್ದರು. ಅಕ್ಷರವನ್ನು ಅಳಿಸುವುದು ನೀರಲ್ಲ, ಆ ರುಬ್ಬುವಿಕೆ.

ಅದನ್ನೇ ದೊಡ್ಡದಾಗಿ ಮಾಡಬಹುದು. 100 ಲೀಟರಿನ ಪ್ಲಾಸ್ಟಿಕ್ ಡ್ರಮ್ಮಿಗೆ ಅಂಗೈಗಿಂತ ಚಿಕ್ಕದಾಗಿ ಹರಿದ 4 ಕಿಲೋ ಕಾಗದ, 50ರಿಂದ 60 ಲೀಟರ್ ನೀರು, ಒಂದು ಹಿಡಿ ವಾಷಿಂಗ್ ಸೋಡಾ. ಬಿಸಿನೀರಾದರೆ ಒಂದು ದಿನ, ತಣ್ಣೀರಾದರೆ ಎರಡು ದಿನ ಬಿಡಿ. ಆಮೇಲೆ ಬಣ್ಣ ಕಲಸುವ ಸಲಾಕೆ ಹಚ್ಚಿದ ಡ್ರಿಲ್ ಯಂತ್ರದಿಂದ ಅಂಬಲಿಯ ಹದಕ್ಕೆ ಬರುವವರೆಗೆ ಕಡೆಯಿರಿ. ಡ್ರಿಲ್ಲಿನ ವೈರು, ಪ್ಲಗ್ಗು ನೀರಿನಿಂದ ದೂರ ಇರಲಿ. ಅಡುಗೆ ಮನೆಯ ಮಿಕ್ಸಿಯನ್ನು ಇದಕ್ಕೆ ಬಳಸಬೇಡಿ. ಮೋಟಾರು ಸುಟ್ಟೀತು, ಮಸಿಯೂ ಊಟದ ಪಾತ್ರೆಗೆ ಹತ್ತುತ್ತದೆ. ಹದ ನೋಡುವುದು ಹೀಗೆ: ಒಂದು ಚಿಟಿಕೆ ತೆಗೆದು ಬಿಳಿ ತಟ್ಟೆಯಲ್ಲಿ ನೀರು ಹಾಕಿ ಹರಡಿ. ಎರಡು ಅಕ್ಷರ ಜೋಡಿಯಾಗಿ ಇರುವ ಒಂದು ಚೂರು ಕಂಡರೂ ಇನ್ನಷ್ಟು ಕಡೆಯಬೇಕು. ಛಾಪಾ ಕಾಗದ, ಬಾಂಡ್ ಪೇಪರ್ ಗಟ್ಟಿ, ಅವಕ್ಕೆ ಇನ್ನೆರಡು ದಿನ ಬೇಕು. ಲ್ಯಾಮಿನೇಟ್ ಮಾಡಿದ್ದು ಹಾಕಲೇಬೇಡಿ. ಬೇಗ ಆಗಲೆಂದು ಬ್ಲೀಚಿಂಗ್ ಪುಡಿಯ ಜೊತೆ ಟಾಯ್ಲೆಟ್ ತೊಳೆಯುವ ಆ್ಯಸಿಡ್ ಸುರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಉಸಿರಿಗೇ ಅಪಾಯ. ರಾಡಿಯನ್ನು ಮೋರಿಗೆ ಸುರಿಯದೆ ಗೋಣಿಚೀಲದಲ್ಲಿ ಹಿಂಡಿ, ಉಂಡೆ ಮಾಡಿ ಒಣಗಿಸಿ ಒಣ ಕಸಕ್ಕೆ ಕೊಡಿ. ಮೋರಿಯಲ್ಲಿ ಅದು ಗಟ್ಟಿಯಾಗಿ ಕೂಡುತ್ತದೆ. ನಲ್ಲಿ ನೀರು ದಿನ ಬಿಟ್ಟು ಬರುವ ಓಣಿಯಾದರೆ ಬಟ್ಟೆ ಒಗೆದ ನೀರೇ ಸಾಕು, ಅದರ ಸಾಬೂನು ಇಲ್ಲಿ ಸಹಾಯಕ್ಕೇ ಬರುತ್ತದೆ. ಎಂಟು ಹತ್ತು ಕಿಲೋಗೆ ಈ ದಾರಿ ಒಳ್ಳೆಯದು. ಒಂದು ಕ್ವಿಂಟಲ್ಲಿಗೆ ಹೊರಟರೆ ಇಪ್ಪತ್ತೈದು ಡ್ರಮ್ಮು ಕಡೆಯಬೇಕಾಗುತ್ತದೆ.

ಶ್ರೆಡರ್ ತರಿಸುವ ಮೊದಲು ಈ ಲೆಕ್ಕ

75 ಜಿಎಸ್‌ಎಂ (ಚದರ ಮೀಟರಿಗೆ 75 ಗ್ರಾಂ) ಎ4 ಹಾಳೆ ಒಂದಕ್ಕೆ ಸುಮಾರು 4.7 ಗ್ರಾಂ. ಕಿಲೋಗೆ 210 ಹಾಳೆ ಚಿಲ್ಲರೆ, ಕ್ವಿಂಟಲ್ಲಿಗೆ 21,000. ಮನೆ ಬಳಕೆಯ ಚಿಕ್ಕ ಶ್ರೆಡರುಗಳು ಹೆಚ್ಚಾಗಿ ಮೂರು ನಾಲ್ಕು ನಿಮಿಷ ಓಡಿ, ಬಿಸಿಯಾಗಿ, ಅರ್ಧ ಗಂಟೆ ವಿರಾಮ ಕೇಳುತ್ತವೆ. ಪೆಟ್ಟಿಗೆಯ ಮೇಲೆ ಆರು ಹಾಳೆ ಎಂದು ಬರೆದಿದ್ದರೂ ಹಳೆ ಕಾಗದವನ್ನು ಐದಕ್ಕಿಂತ ಹೆಚ್ಚು ಹಾಕಬಾರದು. ಹತ್ತು ಸೆಕೆಂಡಿಗೆ ಐದು ಹಾಳೆಯಂತೆ ನಾಲ್ಕು ನಿಮಿಷಕ್ಕೆ 120 ಹಾಳೆ, ವಿರಾಮ ಸೇರಿಸಿದರೆ ಗಂಟೆಗೆ ಬರೀ ಒಂದು ಕಿಲೋ. ಪೂರ್ತಿ ರಾಶಿಗೆ ನೂರು ಗಂಟೆ! ನಿಮ್ಮ ತಮ್ಮನ ಸಲಹೆ ತಪ್ಪಲ್ಲ. ಆದರೆ ವಿಂಗಡಿಸಿ ಉಳಿದ ಹತ್ತು ಕಿಲೋಗೆ ಮಾತ್ರ ಅದು ಸರಿ.

ಕೊಳ್ಳುವುದಾದರೆ ಉದ್ದುದ್ದ ಪಟ್ಟಿ ಕತ್ತರಿಸುವ ಅಗ್ಗದ ಯಂತ್ರ ಬೇಡ. ಅಡ್ಡಡ್ಡವೂ ಕತ್ತರಿಸುವ ಕ್ರಾಸ್ ಕಟ್, ಪಿ-4 ದರ್ಜೆಯದು ತನ್ನಿ. ಅದರ ಚೂರು 160 ಚದರ ಮಿಲಿಮೀಟರಿಗಿಂತ ದೊಡ್ಡದಿರುವುದಿಲ್ಲ, ಅಂದರೆ 4 ಮಿ.ಮೀ. ಅಗಲ, 40 ಮಿ.ಮೀ. ಉದ್ದದ ಆಸುಪಾಸು. ಪಿ-5 ಇನ್ನೂ ಸಣ್ಣ, ಇನ್ನೂ ನಿಧಾನ, ಮನೆಗೆ ಅನಗತ್ಯ. ಪಟ್ಟಿ ಯಂತ್ರವೇ ಮನೆಯಲ್ಲಿದ್ದರೆ ಹಾಳೆ ಹಾಕುವ ದಿಕ್ಕು ಗಮನಿಸಿ. ಸಾಲುಗಳು ಅಲಗಿಗೆ ಸಮಾನಾಂತರವಾಗಿ ಹೋದರೆ ಹೆಸರು, ನಂಬರು ಇರುವ ಇಡೀ ಸಾಲು ಒಂದೇ ಪಟ್ಟಿಯ ಮೇಲೆ ಉಳಿಯುತ್ತದೆ. ಸಾಲಿಗೆ ಅಡ್ಡಲಾಗಿ ಕತ್ತರಿಸುವಂತೆ ಹಾಕಿ.

ಯಂತ್ರ ಕೆಡುವುದು ಕಾಗದದಿಂದ ಅಲ್ಲ, ಕಾಗದದ ಜೊತೆ ಹೋಗುವುದರಿಂದ. ಸರ್ಕಾರಿ ಫೈಲಿನ ಲಾಡಿ ಮತ್ತು ದಾರ ಅಲಗಿಗೆ ಸುತ್ತಿಕೊಳ್ಳುತ್ತವೆ. ಗುಂಡುಪಿನ್ನು, ಕ್ಲಿಪ್ಪು ಹಲ್ಲು ಮುರಿಯುತ್ತವೆ. ಕಿಟಕಿ ಲಕೋಟೆಯ ಪ್ಲಾಸ್ಟಿಕ್, ಅಂಟು ಕರಗಿ ಮೆತ್ತುತ್ತವೆ. ಸಿಕ್ಕಿಕೊಂಡರೆ ರಿವರ್ಸ್ ಒತ್ತಿ. ಆಗಲೂ ಬಾರದಿದ್ದರೆ ಪ್ಲಗ್ ತೆಗೆದು ಚಿಮಟದಿಂದ ಎಳೆಯಿರಿ, ಬೆರಳು ಬೇಡ. ಅರ್ಧ ಗಂಟೆ ಓಡಿದ ಮೇಲೊಮ್ಮೆ ಒಂದು ಹಾಳೆಯ ಮೇಲೆ ಶ್ರೆಡರ್ ಎಣ್ಣೆಯನ್ನು ಅಂಕುಡೊಂಕಾಗಿ ಸುರಿದು ಆ ಹಾಳೆಯನ್ನೇ ಒಳಗೆ ಬಿಡಿ. ಕೊಬ್ಬರಿ ಎಣ್ಣೆ ಬೇಡ, 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ, ಧಾರವಾಡದ ಚಳಿಗಾಲದ ಬೆಳಿಗ್ಗೆ ಅಷ್ಟು ತಣ್ಣಗಿರುತ್ತದೆ. ಒತ್ತಡದ ಡಬ್ಬಿಯ ಸ್ಪ್ರೇ ಎಣ್ಣೆಯನ್ನಂತೂ ಹೊಡೆಯಲೇಬಾರದು. ಅದರ ಅನಿಲಕ್ಕೆ ಮೋಟಾರಿನ ಕಿಡಿ ತಾಗಿದರೆ ಭಗ್ಗೆಂದು ಹೊತ್ತಿಕೊಳ್ಳುತ್ತದೆ. ಸೀರೆಯ ಸೆರಗು, ಮಕ್ಕಳ ಬೆರಳು ಹತ್ತಿರ ಸುಳಿಯಬಾರದು.

ಪ್ರೆಸ್ಸಿನ ಕಟಿಂಗ್ ಮಷಿನ್

ವಿಂಗಡಿಸಲು ತಾಳ್ಮೆಯಿಲ್ಲ, ಇಪ್ಪತ್ತು ಮೂವತ್ತು ಕಿಲೋ ಒಮ್ಮೆಲೇ ಮುಗಿಯಬೇಕು ಅನ್ನುವವರಿಗೆ ನಮ್ಮ ಭಾಗದಲ್ಲಿ ಒಳ್ಳೆಯ ದಾರಿಯೊಂದಿದೆ. ಹುಬ್ಬಳ್ಳಿಯಲ್ಲಿ, ಮುದ್ರಣಕಾಶಿ ಎನಿಸಿದ ಗದಗಿನಲ್ಲಿ ಪ್ರಿಂಟಿಂಗ್ ಪ್ರೆಸ್ಸು, ಬೈಂಡಿಂಗ್ ಅಂಗಡಿಗಳಿಗೆ ಬರವಿಲ್ಲ. ಅವರ ಕಟಿಂಗ್ ಮಷಿನ್ನು ಐದಾರು ಸೆಂಟಿಮೀಟರ್ ದಪ್ಪದ ಕಟ್ಟನ್ನು ಒಂದೇ ಏಟಿಗೆ ತುಂಡು ಮಾಡುತ್ತದೆ. ಸಾಲುಗಳಿಗೆ ಅಡ್ಡಲಾಗಿ 1 ಸೆಂಟಿಮೀಟರಿನ ಪಟ್ಟಿ ಮಾಡಿಸಿ, ಪಟ್ಟಿಗಳನ್ನು ತಿರುಗಿಸಿ ಇನ್ನೊಮ್ಮೆ ಕತ್ತರಿಸಲು ಕೇಳಿಕೊಳ್ಳಿ. ಕೆಲಸವಿಲ್ಲದ ಹೊತ್ತಿನಲ್ಲಿ ಹೋದರೆ ಒಪ್ಪುತ್ತಾರೆ. ಒಂದು ಪಿನ್ ಒಳಗಿದ್ದರೂ ಅಲಗಿಗೆ ಹಲ್ಲು ಬೀಳುತ್ತದೆ, ಆಮೇಲೆ ಅವರು ಕತ್ತರಿಸುವ ಪ್ರತಿ ಪುಸ್ತಕದ ಅಂಚಿನಲ್ಲೂ ಗೀರು ಮೂಡುತ್ತದೆ. ಆದ್ದರಿಂದ ಪಿನ್ ತೆಗೆದು, ಪ್ರತಿ ಕಟ್ಟಿನ ಮೇಲೆ ಆಯಸ್ಕಾಂತ ಆಡಿಸಿ ಒಯ್ಯುವುದು ನಿಮ್ಮ ಹೊಣೆ. ಕಟ್ಟನ್ನು ಅದುಮುವ ಒತ್ತುಪಟ್ಟಿ ಹಿಡಿಯಲಾಗದ ಕೊನೆಯ ಮೂರು ನಾಲ್ಕು ಸೆಂಟಿಮೀಟರನ್ನು ಬಲವಂತವಾಗಿ ಕತ್ತರಿಸಲು ಹೇಳಬೇಡಿ, ಅಲ್ಲೇ ಕೈಗೆ ಪೆಟ್ಟಾಗುವುದು. ಆ ತುಂಡನ್ನು ಮನೆಯಲ್ಲಿ ಶ್ರೆಡರಿಗೆ ಹಾಕಿ.

ಈ ವಿಧಾನದ ದೋಷವೊಂದನ್ನು ಮೊದಲೇ ತಿಳಿದಿರಿ. ಕತ್ತರಿಸಿದ ಪಟ್ಟಿಗಳು ಕ್ರಮ ತಪ್ಪದೆ ಒಂದರ ಮೇಲೊಂದು ಹಾಗೇ ನಿಂತಿರುತ್ತವೆ, ಜೋಡಿಸಿದರೆ ಹಾಳೆ ಮತ್ತೆ ಸಿಗುತ್ತದೆ. ಚೀಲಕ್ಕೆ ತುಂಬುವಾಗ ಎರಡೂ ಕೈ ಹಾಕಿ ಕಲೆಸಿ. ಪ್ರೆಸ್ಸಿನ ಬಿಳಿ ಅಂಚಿನ ಕಟಿಂಗ್ ಒಂದಷ್ಟು ಬೆರೆಸಿದರೆ ಇನ್ನೂ ಚೆನ್ನ. ಮುಗಿಯುವ ತನಕ ಅಲ್ಲೇ ನಿಂತಿರಿ, ಚೀಲ ನೀವೇ ಹೊತ್ತು ತನ್ನಿ.

ರದ್ದಿಗೆ ಏನು ಕೊಡಬಹುದು

ರದ್ದಿಯವರನ್ನು ಅನುಮಾನಿಸಬೇಕಿಲ್ಲ. ಅವರಿಗೆ ಬೇಕಾದ್ದು ತೂಕ. ತೊಂದರೆ ಎಂದರೆ, ಅಲ್ಲಿಂದ ಕಾಗದ ನೇರ ಕಾರ್ಖಾನೆಗೆ ಹೋಗುವುದಿಲ್ಲ. ನಾಲ್ಕಾರು ಕೈ ದಾಟುತ್ತದೆ, ಒಂದು ಬದಿ ಖಾಲಿಯಿರುವ ಬಿಳಿ ಹಾಳೆಯಿಂದ ಪೊಟ್ಟಣ ಮಾಡುತ್ತಾರೆ, ಉಳಿದದ್ದು ಮಿರ್ಚಿ, ಚುರುಮುರಿ ಕಟ್ಟಲು ಹೋಗುತ್ತದೆ. ಮುದ್ರಿತ ಕಾಗದದಲ್ಲಿ ತಿಂಡಿ ಕಟ್ಟಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ ಹೇಳಿದ್ದರೂ ಅದು ನಿಂತಿಲ್ಲ, ನೀವೇ ಕಂಡಿದ್ದೀರಿ. ಹೆಸರು ನಂಬರು ತೆಗೆದ ಹಾಳೆ, ಸುತ್ತೋಲೆ, ಪತ್ರಿಕೆ, ನಿಯಮ ಪುಸ್ತಕ ಎಲ್ಲವನ್ನೂ ನಿಶ್ಚಿಂತೆಯಿಂದ ಕೊಡಿ. ಶ್ರೆಡರಿನ ಚೂರನ್ನು ಅವರು ಕೊಳ್ಳಲಿಕ್ಕಿಲ್ಲ. ಅದನ್ನು ಚೀಲದಲ್ಲಿ ಬಿಗಿಯಾಗಿ ಕಟ್ಟಿ ಪಾಲಿಕೆಯ ಗಾಡಿಗೆ ಒಣ ಕಸವಾಗಿ ಕೊಡಿ, ಅಥವಾ ಮನೆಯಲ್ಲಿ ಗೊಬ್ಬರ ಗುಂಡಿಯಿದ್ದರೆ ಅಡುಗೆಮನೆ ಕಸದ ನಡುವೆ ತೆಳುವಾಗಿ ಹರಡಿ.

ಎಟಿಎಂ ಚೀಟಿ, ವಿದ್ಯುತ್ ಬಿಲ್ಲಿನ ನುಣುಪು ಕಾಗದ ಶಾಖಕ್ಕೆ ಕಪ್ಪಾಗುವ ಜಾತಿಯದು. ಇಸ್ತ್ರಿ ಪೆಟ್ಟಿಗೆ ಒಮ್ಮೆ ಎಳೆದರೆ ಪೂರ್ತಿ ಕಪ್ಪು. ಇವು ಗೊಬ್ಬರಕ್ಕೂ ಬೇಡ, ರದ್ದಿಗೂ ಬೇಡ. ಎಕ್ಸ್-ರೇ ಫಿಲ್ಮಿನ ಮೂಲೆಯಲ್ಲಿ ಹೆಸರು ಇರುತ್ತದೆ, ಅಷ್ಟನ್ನು ಕತ್ತರಿಸಿ. ಫಿಲ್ಮಿನಲ್ಲಿ ಬೆಳ್ಳಿಯ ಅಂಶ ಇರುವುದರಿಂದ ಕೊಳ್ಳುವವರೂ ಇದ್ದಾರೆ. ಎಟಿಎಂ ಕಾರ್ಡನ್ನು ಚಿಪ್ಪಿನ ನಡುವೆ ಮತ್ತು ಹಿಂದಿನ ಕಪ್ಪು ಪಟ್ಟಿಯ ಉದ್ದಕ್ಕೂ ತುಂಡು ಮಾಡಿ.

ಒಂದು ವಿಷಯದಲ್ಲಿ ಕುಟುಂಬದವರನ್ನೆಲ್ಲ ಎಚ್ಚರಿಸಿ. ‘ಹರಿಯುವ ಮುಂಚೆ ಒಂದು ಫೋಟೊ ಇರಲಿ’ ಎಂದು ಎಲ್ಲ ಕಾಗದವನ್ನೂ ಮೊಬೈಲಿನಲ್ಲಿ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರೆ, ಟ್ರಂಕಿನಲ್ಲಿದ್ದ ಗುಟ್ಟು ಹತ್ತು ಫೋನುಗಳಿಗೆ ಹಂಚಿಹೋಯಿತು. ಬೇಕಾದ್ದನ್ನು ಮಾತ್ರ ಸ್ಕ್ಯಾನ್ ಮಾಡಿ ಒಂದು ಪೆನ್ ಡ್ರೈವಿನಲ್ಲಿ, ಬೀಗದೊಳಗೆ ಇಡಿ.

ಎಲ್ಲ ಮುಗಿದ ಮೇಲೆ ದೂರಸಂಪರ್ಕ ಇಲಾಖೆಯ ‘ಸಂಚಾರ್ ಸಾಥಿ’ ಜಾಲತಾಣದಲ್ಲಿ ನಿಮ್ಮ ಮತ್ತು ತಾಯಿಯ ಹೆಸರಿನಲ್ಲಿ ಎಷ್ಟು ಮೊಬೈಲ್ ನಂಬರು ಇವೆ ಎಂದು ನೋಡಿ. ಹಣ ಹೋದ ಸಂಶಯ ಬಂದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಿ. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು.

ಕಾಗದ ನಿಮ್ಮೊಬ್ಬರದಲ್ಲ, ತಾಯಿ, ತಮ್ಮ, ಅಕ್ಕತಂಗಿಯರಿದ್ದರೆ ಅವರೆಲ್ಲರದು. ನಾಶದ ರಾಶಿ ಸಿದ್ಧವಾದ ಮೇಲೆ ಒಂದು ವಾರ ಹಾಗೇ ಬಿಡಿ, ಬೇಕಾದವರು ಬಂದು ನೋಡಲಿ. ನೂರು ಪುಟದ ನೋಟ್‌ಬುಕ್ಕಿನಲ್ಲಿ ‘ಇಂಥ ಬ್ಯಾಂಕಿನ 1998ರಿಂದ 2012ರ ಸ್ಟೇಟ್‌ಮೆಂಟು, ಇಂಥ ದಿನ ನಾಶ’ ಎಂದು ಕಟ್ಟಿನ ಲೆಕ್ಕದಲ್ಲಿ ಬರೆದು ಎಲ್ಲರ ಸಹಿ ಪಡೆಯಿರಿ. ಖಾತೆ ನಂಬರು ಪೂರ್ತಿ ಬರೆಯಬೇಡಿ, ಕೊನೆಯ ನಾಲ್ಕು ಅಂಕಿ ಸಾಕು. ಮುಂದೆ ವಾಟ್ನಿಯ ಮಾತು ಬಂದಾಗ ‘ಆ ಕಾಗದ ಎಲ್ಲಿ ಹೋಯಿತು’ ಎಂಬ ಪ್ರಶ್ನೆಗೆ ಆ ನೋಟ್‌ಬುಕ್ಕು ಉತ್ತರ ಕೊಡುತ್ತದೆ. ಅದನ್ನು ಖರೀದಿ ಪತ್ರದ ಫೈಲಿನಲ್ಲೇ ಇಡಿ.